ಬರಿಗಾಲಿನ ಪಾಂಡವ

ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋದವರಿಗೆ ಅಲ್ಲಿಯ ಹಿರಿಯರು ಒಂದು ಕತೆಯನ್ನು ಹೇಳುತ್ತಾರೆ. ಮಹಾಭಾರತದಲ್ಲಿ ಬರುವ ಏಕಚಕ್ರಪುರ ಬೇರೆಲ್ಲಿಯೂ ಇಲ್ಲ, ಇದೇ ಕೈವಾರವಂತೆ. ಅರಗಿನ ಮನೆಯ ಉರಿಯಿಂದ ಪಾರಾದ ಪಾಂಡವರು ತಾಯಿ ಕುಂತಿಯೊಡನೆ ವೇಷ ಮರೆಸಿಕೊಂಡು ಇಲ್ಲಿಯೇ ಒಬ್ಬ ಬ್ರಾಹ್ಮಣನ ಮನೆಯಲ್ಲಿ ನಿಂತಿದ್ದರಂತೆ. ಬಕಾಸುರನಿಗೆಂದು ಊರವರು ಸರದಿಯ ಮೇಲೆ ಕಳುಹಿಸುತ್ತಿದ್ದ ಬಂಡಿಯ ಅನ್ನವನ್ನು ತಾನೇ ಉಂಡು ಭೀಮನು ಆ ರಕ್ಕಸನನ್ನು ಕೊಂದದ್ದು ಇಲ್ಲಿಯ ಬೆಟ್ಟದಲ್ಲಿಯೇ ಅಂತೆ. ಇತ್ತ ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಅಶ್ವತ್ಥದ ಸಸಿಯನ್ನು ನೆಟ್ಟವನು ವಿದುರನೆಂದು ಪ್ರತೀತಿ. ಈ ಸೀಮೆಯ ಜನಕ್ಕೆ ಭಾರತದ ಕತೆ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ, ನೆರೆಮನೆಯಲ್ಲಿ ನಡೆದದ್ದು.

ಪುರಾಣಕ್ಕೆ ಸಾಕ್ಷ್ಯ ಕೇಳುವುದು ಸಲ್ಲದು. ಆದರೆ ಆ ಕತೆಯ ಒಳಗಿರುವ ಮಾತು ಗಮನಿಸತಕ್ಕದ್ದು. ಮನೆ ಸುಟ್ಟುಹೋಗಿ ಪರಸ್ಥಳಕ್ಕೆ ಬಂದವರು ಪಾಂಡವರು. ಏಕಚಕ್ರಪುರ ಅವರ ಊರಲ್ಲ, ಅಲ್ಲಿಯವರು ಅವರ ಬಂಧುಗಳಲ್ಲ. ಆದರೂ ಆ ಊರಿನ ಅನ್ನ ಉಂಡ ಮೇಲೆ ಆ ಊರಿಗಾಗಿ ತೋಳೇರಿಸಿ ನಿಂತರು.

ಕಳೆದ ಶತಮಾನದ ನಡುವಿನಲ್ಲಿ, ಕಲ್ಕತ್ತೆಯ ಮೈದಾನದಲ್ಲಿ, ಪಂಚಪಾಂಡವರು ಮತ್ತೊಮ್ಮೆ ಕಾಣಿಸಿಕೊಂಡರು. ಹಾಗೆಂದು ಹೆಸರಿಟ್ಟವರು ಅಲ್ಲಿಯ ಫುಟ್‌ಬಾಲ್ ಪ್ರಿಯರು. ಹೆಸರು ಹೊತ್ತವರು ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಮುನ್ನುಗ್ಗುವ ಆಟಗಾರರು. ಆ ಐವರು ಪಾಂಡವರಲ್ಲಿ ಇಬ್ಬರು ಮುಸಲ್ಮಾನರು. ಅವರಲ್ಲೊಬ್ಬರು ನಮ್ಮ ಬೆಂಗಳೂರಿನ ಅಹಮದ್ ಖಾನ್.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ಊರುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು; ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಅಹಮದ್ ಖಾನರು ಹುಟ್ಟಿ ಬೆಳೆದ ಬೆಂಗಳೂರು ಇಲ್ಲಿಂದ ದೂರವೇನೂ ಅಲ್ಲ. ಶಾಲೆ ಬಿಟ್ಟ ಮೇಲೆ ಬಯಲಿನಲ್ಲಿ ಚಪ್ಪಲಿಯ ಜೊತೆಗಳನ್ನೇ ಗೋಲುಕಂಬಗಳನ್ನಾಗಿ ಇಟ್ಟುಕೊಂಡು ಬರಿಗಾಲಿನಲ್ಲಿ ಚೆಂಡನ್ನು ಒದೆಯುವ ಹುಡುಗರು ಈ ಊರುಗಳಲ್ಲಿ ಇಂದಿಗೂ ಉಂಟು. ಅವರು ಮೊಣಕಾಲು ತರೆದುಕೊಂಡು ಮನೆಗೆ ಬಂದಾಗ ಹಿರಿಯರು ಕೇಳುವ ಪ್ರಶ್ನೆಯೂ ಒಂದೇ: “ಚೆಂಡು ಒದ್ದರೆ ಅನ್ನ ಹುಟ್ಟುತ್ತದೆಯೆ?” ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಬಾಯಿಬಿಟ್ಟು ಕೇಳುವವರು ಕಡಮೆ, ಮನಸ್ಸಿನಲ್ಲಿ ನೆನೆದು ಕಳವಳಪಡುವವರು ಹೆಚ್ಚು: “ನಮ್ಮವರನ್ನು ಬಿಟ್ಟು ಬೇರೆಯವರ ನಡುವೆ ಹೋದ ಮೇಲೆ ನೀನು ನೀನಾಗಿಯೇ ಉಳಿದೀಯಾ?”

ಈ ಎರಡು ಪ್ರಶ್ನೆಗಳಿಗೂ ಅಹಮದ್ ಖಾನರು ಮಾತಿನಲ್ಲಿ ಉತ್ತರ ಹೇಳಲು ಹೋಗಲಿಲ್ಲ. ಅವರ ಬಾಳಿನಲ್ಲಿ ಉತ್ತರವಿದೆ.

ಮನೆತನದ ವಿದ್ಯೆ

ಅಹಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು. ಕುಂಬಾರನ ಮನೆಯಲ್ಲಿ ತಿಗುರಿ ತಿರುಗುವಂತೆ ಆ ಮನೆಯಲ್ಲಿ ಚೆಂಡು ಉರುಳುತ್ತಿತ್ತು. ತಂದೆ ಆಟಗಾರರು, ಸಹೋದರರೂ ಆಟಗಾರರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಆಗ ಬ್ರಿಟಿಷ್ ಪಲ್ಟಣಗಳು ನೆಲೆಯೂರಿದ್ದವು. ದೊರೆಗಳು ಬೂಟು ಹಾಕಿಕೊಂಡು ಆಡುತ್ತಿದ್ದ ಆಟವನ್ನು ಸುತ್ತಲಿನ ಕೇರಿಗಳ ಹುಡುಗರು ಬೇಲಿಯ ಹೊರಗೆ ನಿಂತು ನೋಡಿ, ಬೂಟಿಲ್ಲದೆಯೇ ಕಲಿತರು. ಬರಿಗಾಲು ಬಡತನದ ಗುರುತೆಂಬುದು ನಿಜ. ಆದರೆ ಕಲಿತವನಿಗೆ ಅದೇ ಒಂದು ವಿದ್ಯೆಯಾಯಿತು. ಚರ್ಮದ ಬೂಟಿನೊಳಗೆ ಹುದುಗಿದ ಪಾದಕ್ಕೆ ಚೆಂಡಿನ ಸ್ಪರ್ಶ ಅರ್ಧ ತಿಳಿದರೆ, ಬರಿ ಪಾದಕ್ಕೆ ಪೂರ್ತಿ ತಿಳಿಯುತ್ತದೆ. ಹೆಬ್ಬೆರಳಿನಿಂದ ಎಳೆದು, ಅಂಗಾಲಿನಿಂದ ತಡೆದು, ಎದುರಾಳಿಯ ಕಣ್ಣೆದುರಿನಲ್ಲಿಯೇ ಚೆಂಡನ್ನು ಮಾಯಮಾಡುವ ಕಲೆಯಲ್ಲಿ ಖಾನರನ್ನು ಮೀರಿಸಿದವರು ವಿರಳ. ‘ಹಾವಾಡಿಗ’ ಎಂಬ ಅಡ್ಡಹೆಸರು ಅವರಿಗೆ ಬಂದದ್ದು ಇದಕ್ಕಾಗಿಯೇ.

ಆ ಕಾಲದ ಬೆಂಗಳೂರಿನ ಫುಟ್‌ಬಾಲಿಗೆ ದೇಶದಲ್ಲೆಲ್ಲ ಗೌರವವಿತ್ತು. ಮುಂಬಯಿಯ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸೊತ್ತಾಗಿತ್ತು. ಅದನ್ನು 1937ರಲ್ಲಿ ಕಸಿದುಕೊಂಡ ಮೊದಲ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಕಪ್ಪು ಅವರಿಗೇ ಸಂದಿತು. 1948ರಲ್ಲಿ ಮೂರನೆಯ ಸಲ. ಇನ್ನು ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು 1946-47ರಲ್ಲಿ ಗೆದ್ದದ್ದು ಮೈಸೂರು. ಅಂತಿಮ ಪಂದ್ಯದಲ್ಲಿ ಸೋತದ್ದು, ಫುಟ್‌ಬಾಲಿನ ತವರೆಂದು ಹೆಮ್ಮೆಪಡುತ್ತಿದ್ದ ಬಂಗಾಳ. ಅಹಮದ್ ಖಾನರು ಆಟದ ಓನಾಮ ತಿದ್ದಿದ್ದು ಇಂಥ ಪರಿಸರದಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡದ ನೆರಳಿನಲ್ಲಿ.

ಲಂಡನ್ನಿನ ಜುಲೈ

1948ರ ಲಂಡನ್ ಒಲಿಂಪಿಕ್ಸ್ ಸ್ವತಂತ್ರ ಭಾರತಕ್ಕೆ ಮೊದಲನೆಯದು. ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡಿನಲ್ಲಿ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸನ್ನು ಎದುರಿಸಿತು. ಬಹುಮಂದಿ ಭಾರತೀಯರ ಕಾಲಿನಲ್ಲಿ ಬೂಟಿರಲಿಲ್ಲ. ನೋಡಲು ಬಂದಿದ್ದ ಆಂಗ್ಲರಿಗೆ ಮೊದಲು ಕುತೂಹಲ, ಆಮೇಲೆ ವಿಸ್ಮಯ. ಫ್ರಾನ್ಸಿನ ಮೊದಲ ಗೋಲಿಗೆ ಮೈಸೂರಿನ ರಾಮನ್ ಸರಿಸಮ ಉತ್ತರ ಕೊಟ್ಟರು. ಆದರೆ ದೊರೆತ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಆಟ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತವರಿಗೆ ಗೆದ್ದವರಷ್ಟೇ ಚಪ್ಪಾಳೆ ಬಿತ್ತು. ಇಪ್ಪತ್ತೊಂದು ವರ್ಷದ ಅಹಮದ್ ಖಾನರ ಹೆಸರು ಅಂದು ಹೊರದೇಶದವರ ಕಿವಿಗೂ ತಲಪಿತು.

ಆ ತಂಡವೇ ಒಂದು ಪುಟ್ಟ ಭಾರತವಾಗಿತ್ತು. ನಾಯಕ ಡಾಕ್ಟರ್ ತಾಲಿಮೆರೆನ್ ಆವೊ ನಾಗಾ ಬೆಟ್ಟಗಳ ಕ್ರೈಸ್ತರು. ಬೆಂಗಾಲದ ಹಿಂದೂಗಳು, ದಕ್ಷಿಣದ ಹಿಂದೂಗಳು, ಬೆಂಗಳೂರಿನ ಬಷೀರ್ ಮತ್ತು ಅಹಮದ್ ಖಾನರಂಥ ಮುಸಲ್ಮಾನರು ಒಂದೇ ಅಂಗಿ ತೊಟ್ಟಿದ್ದರು. ಪಂಚಾಂಗ ತೆಗೆದು ನೋಡಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಹಿಜರಿ ಲೆಕ್ಕದಲ್ಲಿ ಆ ವರ್ಷದ ರಂಜಾನ್ ತಿಂಗಳು ಜುಲೈ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಫ್ರಾನ್ಸಿನ ಪಂದ್ಯ ನಡೆದದ್ದು ಉಪವಾಸದ ತಿಂಗಳಿನಲ್ಲಿ! ಪ್ರಯಾಣದಲ್ಲಿರುವವನು ಉಪವಾಸವನ್ನು ಮುಂದೂಡಿ, ಊರಿಗೆ ಮರಳಿದ ಮೇಲೆ ಅಷ್ಟೇ ದಿನಗಳನ್ನು ತುಂಬಿಕೊಡಬಹುದೆಂದು ಇಸ್ಲಾಂ ಧರ್ಮದಲ್ಲಿ ಅವಕಾಶವಿದೆ. ಭಕ್ತನ ಮೈಬಲವನ್ನೂ ದಾರಿಯ ಆಯಾಸವನ್ನೂ ಬಲ್ಲ ಧರ್ಮ ಹಾಗೆ ದಾರಿ ಬಿಟ್ಟುಕೊಟ್ಟಿದೆ. ಅದನ್ನು ಯಾರು ಹೇಗೆ ಬಳಸಿಕೊಂಡರೆಂಬುದು ಅವರವರಿಗೂ ದೇವರಿಗೂ ಸೇರಿದ ಲೆಕ್ಕ. ಆದರೆ ಆಟಗಾರನ ಹಾದಿಯೂ ನಂಬಿಕೆಯ ಹಾದಿಯೂ ಅಡ್ಡಹಾಯುವ ಇಂಥ ತಿರುವುಗಳು ಮುಸಲ್ಮಾನ ಆಟಗಾರರಿಗೆ ವರ್ಷವರ್ಷವೂ ಬರುತ್ತಿದ್ದವೆಂಬುದನ್ನು ನೆನಪಿಡಬೇಕು.

ನಾಯಕ ಆವೊ ಅವರ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಅವರ ತಂದೆ ಕ್ರೈಸ್ತ ಪಾದ್ರಿ. ಮಗ ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕೆಂಬುದು ಆ ತಂದೆಯ ಕಡೆಯಾಸೆ. ಒಲಿಂಪಿಕ್ಸಿನಲ್ಲಿ ದೇಶದ ಧ್ವಜ ಹಿಡಿದು ನಡೆದ ಆ ಕೈ, ಆಮೇಲೆ ಫುಟ್‌ಬಾಲಿನ ಕೀರ್ತಿಯನ್ನು ಬದಿಗಿಟ್ಟು, ವೈದ್ಯವಿದ್ಯೆ ಮುಗಿಸಿ, ನಾಗಾ ಬೆಟ್ಟಗಳಲ್ಲಿ ರೋಗಿಗಳ ನಾಡಿ ಹಿಡಿಯಿತು. 1998ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ನಾಡಿನವರಾಗಿಯೇ ಉಳಿದರು. ಒಂದೇ ತಂಡದ ಇಬ್ಬರಲ್ಲಿ ಒಬ್ಬರು ಆಟವನ್ನು ಬಿಟ್ಟು ತಂದೆಯ ಮಾತನ್ನು ನಡೆಸಿದರು. ಇನ್ನೊಬ್ಬರು ಆಟವನ್ನೇ ಹಿಡಿದು ತಂದೆಯ ವಿದ್ಯೆಯನ್ನು ಬೆಳಗಿಸಿದರು. ಯಾರ ಆಯ್ಕೆ ಮೇಲೆಂದು ತೂಗುವ ತಕ್ಕಡಿ ಎಲ್ಲಿದೆ?

ಎರಡು ಬಾಗಿಲು

ಲಂಡನ್ನಿನಿಂದ ಹಿಂದಿರುಗಿದ ಅಹಮದ್ ಖಾನರ ಎದುರಿಗೆ ಕಲ್ಕತ್ತೆ ನಿಂತಿತ್ತು. ಫುಟ್‌ಬಾಲನ್ನೇ ಉಸಿರಾಗಿಸಿಕೊಂಡ ನಗರ ಆಗ ದೇಶದಲ್ಲಿ ಅದೊಂದೇ. ಆದರೆ ಕಲ್ಕತ್ತೆಗೆ ಹೋಗುವುದಾದರೆ ಯಾವ ಬಾಗಿಲನ್ನು ತಟ್ಟಬೇಕು?

ಮುಸಲ್ಮಾನ ಆಟಗಾರನಿಗೆ ಸಹಜವಾದ ಬಾಗಿಲು ಮೊಹಮ್ಮಡನ್ ಸ್ಪೋರ್ಟಿಂಗ್. 1891ರಲ್ಲಿ ಹುಟ್ಟಿದ ಆ ಕ್ಲಬ್ಬು 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಕಲ್ಕತ್ತೆಯ ಲೀಗನ್ನು ಗೆದ್ದು ದೇಶದ ಮುಸಲ್ಮಾನರ ಕಣ್ಮಣಿಯಾಗಿತ್ತು. ಬೆಂಗಳೂರಿನಿಂದಲೂ ಆಟಗಾರರನ್ನು ಕರೆಸಿಕೊಂಡು ಆ ವಿಜಯಗಳನ್ನು ಗಳಿಸಿತ್ತು. ಅಲ್ಲಿಗೆ ಹೋಗಿದ್ದರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ.

ಖಾನರು 1949ರಲ್ಲಿ ಸೇರಿದ್ದು ಈಸ್ಟ್ ಬೆಂಗಾಲನ್ನು. 1920ರಲ್ಲಿ ಸ್ಥಾಪಿತವಾದ ಈ ಕ್ಲಬ್ಬು, ಹೆಸರೇ ಹೇಳುವಂತೆ, ಪೂರ್ವ ಬಂಗಾಳದ ಮೂಲದವರದು. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್‌ಚಂದ್ರ ಗುಹ ಅವರು ಪ್ರತಿಭೆ ಎಲ್ಲಿದ್ದರೂ ಹುಡುಕಿ ತರುವ ಚತುರರು. ಅವರ ಕಣ್ಣು ದಕ್ಷಿಣದ ಮೇಲಿತ್ತು. ಹೀಗೆ ಕೂಡಿಬಂದದ್ದು ಐವರು ಮುನ್ನಾಟಗಾರರ ಪಂಕ್ತಿ: ಬಲ ಅಂಚಿನಲ್ಲಿ ವೆಂಕಟೇಶ್, ಅವರ ಒಳಗೆ ಆಂಧ್ರದ ಅಪ್ಪಾರಾವ್, ನಡುವೆ ಧನರಾಜ್, ಎಡಕ್ಕೆ ಅಹಮದ್ ಖಾನ್, ಎಡ ಅಂಚಿನಲ್ಲಿ ಕೇರಳದ ಸಾಲೇಹ್. ಆ ಕಾಲದ ಆಟದ ರಚನೆಯಲ್ಲಿ ಮುಂದೆ ಐವರು ಇರುತ್ತಿದ್ದರು. ಐವರೂ ದಕ್ಷಿಣದವರು, ಒಬ್ಬರ ತಾಯ್ನುಡಿಯೂ ಬಂಗಾಳಿಯಲ್ಲ.

ಆಟದ ಮಟ್ಟಿಗೆ ನೋಡಿದರೆ ಈ ಆಯ್ಕೆಯಲ್ಲಿ ಆಶ್ಚರ್ಯವಿಲ್ಲ. ಒಳ್ಳೆಯ ಜೊತೆಗಾರರು ಎಲ್ಲಿದ್ದಾರೋ ಅಲ್ಲಿಗೆ ಒಳ್ಳೆಯ ಆಟಗಾರ ಹೋಗುತ್ತಾನೆ. ಲಂಡನ್ ತಂಡದ ಧನರಾಜರೂ ಅಲ್ಲಿದ್ದರು. ಆದರೆ ಕಾಲ ಎಂಥದು? 1946ರ ಆಗಸ್ಟಿನಲ್ಲಿ ಕಲ್ಕತ್ತೆಯ ಬೀದಿಗಳು ಹಿಂದೂ ಮುಸಲ್ಮಾನರ ರಕ್ತದಲ್ಲಿ ತೊಯ್ದಿದ್ದವು. 1947ರಲ್ಲಿ ಬಂಗಾಳ ಎರಡಾಯಿತು. ಮನೆ, ಹೊಲ, ಮೀನಿನ ಕೆರೆ, ತೆಂಗಿನ ತೋಟಗಳನ್ನು ಗಡಿಯ ಆಚೆ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಬಂದ ಲಕ್ಷಾಂತರ ಹಿಂದೂ ನಿರಾಶ್ರಿತರು ಸೀಯಾಲ್ದಾ ನಿಲ್ದಾಣದ ಹಾಸುಗಲ್ಲಿನ ಮೇಲೆ ಮಲಗಿದ್ದರು. 1950ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಮತ್ತೆ ಗಲಭೆಗಳಾಗಿ ಇನ್ನೊಂದು ಮಹಾಪೂರವೇ ಹರಿದುಬಂತು. ಇವರಿಗೆ ಈಸ್ಟ್ ಬೆಂಗಾಲ್ ಎಂಬುದು ಆಟದ ಕ್ಲಬ್ಬು ಮಾತ್ರವಾಗಿರಲಿಲ್ಲ. ಕಳೆದುಹೋದ ಊರಿನ ಹೆಸರು ಉಳಿದಿದ್ದುದು ಆ ಕೆಂಪು-ಹೊನ್ನಿನ ಬಾವುಟದಲ್ಲಿಯೇ.

ಹೆಸರಿಟ್ಟವರು ಯಾರು?

ಅಂಥ ಜನರ ನಡುವೆ ಒಬ್ಬ ಅಹಮದ್ ಖಾನ್, ಒಬ್ಬ ಸಾಲೇಹ್. ಯಾವ ಧರ್ಮದವರ ಹೆಸರಿನಲ್ಲಿ ತಮ್ಮ ಮನೆ ಹಾಳಾಯಿತೆಂದು ಆ ಜನ ನಂಬಿದ್ದರೋ ಅದೇ ಧರ್ಮದ ಇಬ್ಬರು. ಅವರು ಚೆಂಡು ಹಿಡಿದು ಹೊರಟರೆ ಮೈದಾನದ ಮರದ ಮೆಟ್ಟಿಲುಗಳ ಮೇಲೆ ಕುಳಿತ ಸಾವಿರಾರು ನಿರಾಶ್ರಿತರು ಎದ್ದು ನಿಲ್ಲುತ್ತಿದ್ದರು. ಬಂಧುವನ್ನು ಕರೆಯುವಂತೆ ಹೆಸರು ಹಿಡಿದು ಕೂಗುತ್ತಿದ್ದರು. ಕಡೆಗೆ ಅವರಿಗೆ ಕೊಟ್ಟ ಬಿರುದಾದರೂ ಎಂಥದು? ಪಂಚಪಾಂಡವರು! ಮನೆ ಸುಟ್ಟು ಊರೂರು ಅಲೆದ ವೀರರ ಹೆಸರು. ಮನೆ ಕಳೆದುಕೊಂಡವರ ಬಾಯಿಗೆ ಆ ಹೆಸರು ತಾನಾಗಿ ಬಂದಿತೆಂದರೆ ಅದರಲ್ಲಿ ಎಷ್ಟು ಕಣ್ಣೀರಿತ್ತೋ! ಪಾಂಡವರಾಗಲು ಮತ ಅಡ್ಡಿಯಾಗಲಿಲ್ಲ, ಭಾಷೆ ಅಡ್ಡಿಯಾಗಲಿಲ್ಲ. ಊರಿನ ಅನ್ನ ಉಂಡು ಊರಿಗಾಗಿ ನಿಂತದ್ದೇ ಸಾಕಾಯಿತು.

ಆ ಬಿರುದನ್ನು ಐವರೂ ಸಾರ್ಥಕಗೊಳಿಸಿದರು. 1949ರಲ್ಲಿ ಕಲ್ಕತ್ತೆಯ ಲೀಗ್, ಐ.ಎಫ್.ಎ. ಷೀಲ್ಡ್, ರೋವರ್ಸ್ ಕಪ್ ಮೂರೂ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲಿಗೆ ಬಂದವು. ಷೀಲ್ಡನ್ನು 1949, 1950, 1951 ಹೀಗೆ ಸತತ ಮೂರು ವರ್ಷ ಗೆದ್ದರು. 1951 ಮತ್ತು 1952ರಲ್ಲಿ ದೆಹಲಿಯ ಡ್ಯೂರಾಂಡ್ ಕಪ್ಪೂ ಅವರದಾಯಿತು. 1953ರಲ್ಲಿ ಕ್ಲಬ್ಬು ರುಮೇನಿಯ ಮತ್ತು ಸೋವಿಯತ್ ದೇಶಗಳಿಗೆ ಪ್ರವಾಸ ಹೋಗಿ ಬಂತು.

ಈ ವೈಭವದ ವರ್ಷಗಳ ಪಂಚಾಂಗವನ್ನೂ ಒಮ್ಮೆ ತಿರುವಿಹಾಕಬೇಕು. ಕಲ್ಕತ್ತೆಯ ಲೀಗು ನಡೆಯುವುದು ಮುಂಗಾರಿನ ಮುನ್ನಾದಿನಗಳಿಂದ ಮಳೆಗಾಲದ ನಡುವಿನವರೆಗೆ. 1949ರಿಂದ 1953ರವರೆಗೆ ರಂಜಾನ್ ತಿಂಗಳು ಬಂದದ್ದೂ ಮೇ, ಜೂನ್, ಜುಲೈಗಳಲ್ಲಿಯೇ. ಮೈ ಬೆವರಿನಲ್ಲಿ ಕರಗುವ ಬಂಗಾಳದ ಸೆಕೆ, ಕೆಸರುಗದ್ದೆಯಾದ ಅಂಗಳ, ಸಂಜೆಯ ಪಂದ್ಯ ಮುಗಿದ ಹೊತ್ತಿಗೆ ಸರಿಯಾಗಿ ಮಸೀದಿಯಿಂದ ಮಗ್ರಿಬಿನ ಕರೆ. ಹಿಂದೂ ನಿರಾಶ್ರಿತರ ಜಯಘೋಷವೂ ಆ ಕರೆಯೂ ಒಂದೇ ಗಾಳಿಯಲ್ಲಿ ಬೆರೆಯುವ ಮೈದಾನ. ಆಯ್ಕೆಯೆಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಅದನ್ನು ದಿನದಿನವೂ ಹೊಸದಾಗಿ ಮಾಡಬೇಕಾಗುತ್ತದೆ. ಅಹಮದ್ ಖಾನರು ಅದನ್ನು ಹತ್ತು ವರ್ಷ ಮಾಡಿದರು. ಮುಸಲ್ಮಾನರಾಗಿಯೇ ಇದ್ದರು, ಈಸ್ಟ್ ಬೆಂಗಾಲಿನವರಾಗಿಯೂ ಇದ್ದರು. ಆ ಕ್ಲಬ್ಬಿನ ನಾಯಕ ಪಟ್ಟವೂ ಅವರಿಗೆ ಒಲಿಯಿತು.

ಹೆಲ್ಸಿಂಕಿಯ ಒಂದು ಗೋಲು

1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ತರಬೇತುದಾರರು. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಇರಾನನ್ನು ಸೋಲಿಸಿ ಚಿನ್ನದ ಪದಕ ಗಳಿಸಿತು. ಆ ತಂಡದಲ್ಲಿ ಅಹಮದ್ ಖಾನರೂ ಇದ್ದರು.

ಏಳುವವನಿಗೇ ಬೀಳುವ ಭಯ. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಎದುರಾದದ್ದು ಯುಗೋಸ್ಲಾವಿಯ, ಮುಂದೆ ಆ ಕೂಟದಲ್ಲಿ ಬೆಳ್ಳಿಯ ಪದಕ ಪಡೆದ ಬಲಿಷ್ಠ ತಂಡ. ಉತ್ತರದ ಚಳಿ, ತಣ್ಣನೆಯ ನೆಲ, ಬೂಟಿಲ್ಲದ ಕಾಲು. ಗೋಲಿನ ಮೇಲೆ ಗೋಲು ಬಿತ್ತು, ಒಟ್ಟು ಹತ್ತು. ಒಲಿಂಪಿಕ್ ಅಂಗಳದಲ್ಲಿ ಭಾರತಕ್ಕೆ ಅದಕ್ಕಿಂತ ಕಹಿಯಾದ ದಿನ ಬಂದಿಲ್ಲ. ಆಟ ಮುಗಿಯಲು ಒಂದೆರಡು ನಿಮಿಷಗಳಿರುವಾಗ ಭಾರತಕ್ಕೆ ಒಂದು ಗೋಲು ದಕ್ಕಿತು. ಹೊಡೆದವರು ಅಹಮದ್ ಖಾನ್.

ಹತ್ತಕ್ಕೆ ಒಂದು ಯಾವ ಲೆಕ್ಕವೆಂದು ನಗುವವರು ನಗಲಿ. ಗೆಲ್ಲುವ ಆಸೆ ಬತ್ತಿಹೋದ ಮೇಲೆಯೂ ಕೊನೆಯ ನಿಮಿಷದವರೆಗೆ ಓಡುವವನೇ ಆಟಗಾರ. ಒಂಬತ್ತು, ಹತ್ತು ಎಂದು ಎಣಿಸಿದ ಮೇಲೆ ಮುಕ್ಕಾಲು ಮಂದಿಯ ಕಾಲು ಸೋಲುತ್ತದೆ. ಸೋಲದ ಕಾಲಿನಿಂದ ಬಂದ ಗೋಲದು.

ಹೆಲ್ಸಿಂಕಿಯ ಪಾಠವನ್ನು ದೇಶ ಕಲಿಯಿತು. ಬೂಟು ಕಡ್ಡಾಯವಾಯಿತು. ಹುಟ್ಟಿನಿಂದ ನೆಲದೊಡನೆ ನೇರವಾಗಿ ಮಾತನಾಡಿದ ಪಾದಗಳಿಗೆ ಇದು ಸುಲಭದ ಮಾತಲ್ಲ. ವೀಣೆಗಾರನಿಗೆ ಕೈಗವಸು ತೊಡಿಸಿ ನುಡಿಸೆಂದಂತೆ. ಎಷ್ಟೋ ಬರಿಗಾಲಿನ ಕಲಾವಿದರ ಆಟ ಅಲ್ಲಿಗೇ ಮಸುಕಾಯಿತು. ಅಹಮದ್ ಖಾನರಿಗೆ ಆಗ ಇಪ್ಪತ್ತಾರರ ಆಸುಪಾಸು. ಹೊಸದನ್ನು ಕಲಿತು, 1959ರವರೆಗೆ ಅದೇ ಕ್ಲಬ್ಬಿನಲ್ಲಿ ಆಡಿದರು. 1956ರಲ್ಲಿ ಮೆಲ್ಬರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ಖಾನರು ತಂಡದಲ್ಲಿರಲಿಲ್ಲ. ಆದರೆ ಅವರ ನಗರದ ಕೆಂಪಯ್ಯ ಅಲ್ಲಿದ್ದರು. ಒಬ್ಬರು ಇಳಿದ ಏಣಿಯನ್ನು ಇನ್ನೊಬ್ಬರು ಏರುತ್ತಾರೆ.

ಅನ್ನದ ಲೆಕ್ಕ

ಈಗ ಮೊದಲ ಪ್ರಶ್ನೆಗೆ ಬರಬೇಕು. ಚೆಂಡು ಒದ್ದರೆ ಅನ್ನ ಹುಟ್ಟುತ್ತದೆಯೆ?

ಆ ಕಾಲದ ನಿಯಮದಂತೆ ಭಾರತದಲ್ಲಿ ಫುಟ್‌ಬಾಲ್ ಹವ್ಯಾಸಿಗಳ ಆಟ. ಸಂಬಳಕ್ಕೆ ಆಡುವವನಿಗೆ ಒಲಿಂಪಿಕ್ಸಿನಲ್ಲಿ ಎಡೆಯಿರಲಿಲ್ಲ. ಆದ್ದರಿಂದ ಕ್ಲಬ್ಬುಗಳು ಊರೂರಿನಿಂದ ಬಂದ ಆಟಗಾರರಿಗೆ ಇರಲು ಜಾಗ, ಊಟ, ಕೈಖರ್ಚು ಒದಗಿಸುತ್ತಿದ್ದವು. ಉಳಿದದ್ದು ನೌಕರಿ. ರೈಲ್ವೆ, ಬಂದರು, ಪೊಲೀಸು, ಸುಂಕದ ಕಚೇರಿ ಎಲ್ಲೆಡೆಯೂ ಆಟಗಾರರಿದ್ದರು. ದೇಶದ ನಾಯಕರಾಗಿದ್ದ ಶೈಲೇನ್ ಮನ್ನಾ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿದವರು. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ, ಟೆಲಿಫೋನ್ ಕಾರ್ಖಾನೆಗಳು ತಂಡಗಳನ್ನು ಕಟ್ಟಿ ಎಷ್ಟೋ ಹುಡುಗರಿಗೆ ಆಟದ ಬಲದಿಂದ ಪಿಂಚಣಿಯ ನೌಕರಿ ಕೊಟ್ಟವು. ಅನ್ನ ಹುಟ್ಟುತ್ತಿತ್ತು, ಐಶ್ವರ್ಯ ಹುಟ್ಟುತ್ತಿರಲಿಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ’ ಎಂದು ಹಿರಿಯರು ಹಂಗಿಸಿದ್ದರೆ ಅದರಲ್ಲಿ ಸತ್ಯದ ಪಾಲೂ ಇತ್ತು.

ಕಲ್ಕತ್ತೆಯಲ್ಲಿ ವರ್ಷವರ್ಷವೂ ಕ್ಲಬ್ಬು ಬದಲಿಸುವ ಆಟಗಾರರಿಗೆ ಬರವಿರಲಿಲ್ಲ. ಎದುರಾಳಿಯಿಂದ ಒಳ್ಳೆಯ ಆಟಗಾರನನ್ನು ಸೆಳೆಯುವುದೇ ಅಲ್ಲಿ ಒಂದು ಹಬ್ಬ. ಅಂಥ ಸಂತೆಯಲ್ಲಿ ಹತ್ತು ವರ್ಷ ಒಂದೇ ಅಂಗಿ ತೊಟ್ಟು ನಿಂತದ್ದು ಅಹಮದ್ ಖಾನರ ಇನ್ನೊಂದು ಆಯ್ಕೆ. ಆಟ ಮುಗಿದ ಮೇಲೆ ಅವರು ತಮ್ಮ ಬೆಂಗಳೂರಿಗೇ ಹಿಂದಿರುಗಿದರು. ಕ್ರಿಕೆಟ್ಟಿನ ಕಾಲ ಬಂತು. ಹೊಸ ತಲೆಮಾರಿಗೆ ಅವರ ಹೆಸರು ಮರೆಯಿತು. 2017ರ ಆಗಸ್ಟ್ 27ರಂದು, ತೊಂಬತ್ತು ವರ್ಷದ ತುಂಬು ಬಾಳನ್ನು ಮುಗಿಸಿ ಅವರು ಕಣ್ಮುಚ್ಚಿದಾಗ, ಎರಡು ಒಲಿಂಪಿಕ್ಸುಗಳಲ್ಲಿ ದೇಶಕ್ಕಾಗಿ ಆಡಿದ ಇಂಥವರೊಬ್ಬರು ತಮ್ಮ ನಗರದಲ್ಲಿಯೇ ಇದ್ದರೆಂದು ಬಹುಮಂದಿ ಬೆಂಗಳೂರಿಗರಿಗೆ ತಿಳಿದದ್ದು ಅಂದೇ. ಆದರೆ ಈಸ್ಟ್ ಬೆಂಗಾಲಿನ ಅಭಿಮಾನಿಗಳ ಮನೆಗಳಲ್ಲಿ ತಾತಂದಿರು ಮೊಮ್ಮಕ್ಕಳಿಗೆ ಪಂಚಪಾಂಡವರ ಕತೆ ಹೇಳುವುದು ನಿಂತಿರಲಿಲ್ಲ.

ಖಾನರು ತೋರಿದ ದಾರಿಯಲ್ಲಿ ನಡೆದವರೂ ಉಂಟು. ಬೆಂಗಳೂರಿನ ಕಾರ್ಲ್‌ಟನ್ ಚಾಪ್ಮನ್ 1990ರ ದಶಕದಲ್ಲಿ ಅದೇ ಕೆಂಪು-ಹೊನ್ನಿನ ಅಂಗಿ ತೊಟ್ಟರು. ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ 2000-01ರ ರಾಷ್ಟ್ರೀಯ ಲೀಗನ್ನು ಗೆದ್ದಿತು. 2020ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಅಕಾಲದಲ್ಲಿ ತೀರಿಕೊಂಡರು. 1996ರಲ್ಲಿ ಆರಂಭವಾದ ಆ ರಾಷ್ಟ್ರೀಯ ಲೀಗಿನಿಂದ ಮೊದಲ್ಗೊಂಡು ಫುಟ್‌ಬಾಲ್ ಬಹಿರಂಗವಾಗಿಯೇ ವೃತ್ತಿಯಾಯಿತು. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿ, ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. ಕರಾರುಪತ್ರ, ಸಂಬಳ, ವೈದ್ಯರು, ತರಬೇತುದಾರರು ಇವೆಲ್ಲ ಈಗಿನ ಆಟಗಾರನಿಗೆ ಉಂಟು. ಆದರೂ ಕಾಲು ಒಂದು ಸಲ ಮುರಿದರೆ, ಮೂವತ್ತೈದು ದಾಟಿದರೆ, ಮುಂದೇನು ಎಂಬ ಪ್ರಶ್ನೆ ಅಹಮದ್ ಖಾನರ ಕಾಲದಲ್ಲಿದ್ದಂತೆಯೇ ಇದೆ. ಆಟದ ಜೊತೆಗೆ ಒಂದು ವಿದ್ಯೆ ಇರಲಿ ಎಂದು ತಾಯಿ ಹೇಳಿದರೆ ಅದು ವೈರಿಯ ಮಾತಲ್ಲ. ವೈದ್ಯ ಆವೊ ಅವರ ಬಾಳು ಆ ತಾಯಿಯ ಪಕ್ಷದಲ್ಲಿದೆ.

ಎರಡನೆಯ ಪ್ರಶ್ನೆ

ಉಳಿದದ್ದು ಎರಡನೆಯ ಪ್ರಶ್ನೆ. ಬೇರೆಯವರ ನಡುವೆ ಹೋದವನು ತಾನಾಗಿಯೇ ಉಳಿದಾನೆಯೆ?

ಇದಕ್ಕೆ ಉತ್ತರವನ್ನು ಕಲ್ಕತ್ತೆಯವರೆಗೂ ಹೋಗಿ ಹುಡುಕಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನಲ್ಲಿ ಹೋಗಿ ನಿಂತರೆ ಸಾಕು. ಗೂಡು ತರುವ ರೈತ ಬಹುಮಟ್ಟಿಗೆ ಒಕ್ಕಲಿಗನೋ ಇನ್ನೊಬ್ಬ ಹಿಂದುವೋ ಆಗಿರುತ್ತಾನೆ. ಅದನ್ನು ಕೊಂಡು ನೂಲು ಬಿಚ್ಚುವ ಮನೆಗಳಲ್ಲಿ ಮುಸಲ್ಮಾನರದೇ ಹೆಚ್ಚು. ಒಬ್ಬನ ಹುಳುಮನೆ, ಇನ್ನೊಬ್ಬನ ಬಿಸಿನೀರಿನ ತೊಟ್ಟಿ; ಎರಡೂ ಕೂಡಿದರೆ ಒಂದು ಎಳೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ, ಮುಕ್ತೀಶ್ವರನ ಗುಡಿಯೂ ಇದೆ. ಹರಕೆ ಹೊತ್ತ ಹಿಂದೂ ತಾಯಿ ದರ್ಗಾದ ಎದುರಿನಲ್ಲಿ ಕೈಮುಗಿಯುವಾಗ ತಾನು ಹಿಂದುವಲ್ಲದೆ ಬೇರೇನೋ ಆದೆನೆಂದು ಭಾವಿಸುವುದಿಲ್ಲ. ಬೇರೆಯವರ ಅಂಗಳದಲ್ಲಿ ನಿಂತ ಮಾತ್ರಕ್ಕೆ ಕರಗಿಹೋಗುವಷ್ಟು ತೆಳುವಾದುದಲ್ಲ ನಂಬಿಕೆ.

ಅಹಮದ್ ಖಾನರು ತಮ್ಮ ನಂಬಿಕೆಯನ್ನು ಅಂಗಿಯ ಮೇಲೆ ಬರೆದುಕೊಳ್ಳಲಿಲ್ಲ, ಅಂಗಿಗಾಗಿ ಅದನ್ನು ಕಳಚಿಡಲೂ ಇಲ್ಲ. ತಮ್ಮ ಮತದ ಹೆಸರಿನ ತಂಡದಲ್ಲಿ ಆಟ ಕಲಿತರು. ಬೇರೆ ಮತದವರ ಕಣ್ಣೀರು ತುಂಬಿದ ತಂಡದಲ್ಲಿ ಆಟ ತೋರಿದರು. ಎರಡು ಕಡೆಯೂ ಅವರ ಕಾಲಿನ ಕೆಲಸ ಒಂದೇ ಆಗಿತ್ತು. ಚೆಂಡನ್ನು ಕಳೆದುಕೊಳ್ಳದೆ ಮುಂದಕ್ಕೆ ಒಯ್ಯುವುದು, ಜೊತೆಗಾರನಿಗೆ ಸಕಾಲದಲ್ಲಿ ಕೊಡುವುದು.

ಸಂಜೆಯ ಹೊತ್ತು ಚಿಕ್ಕಬಳ್ಳಾಪುರದ ಯಾವುದಾದರೊಂದು ಬಯಲಿನಲ್ಲಿ, ನಂದಿಬೆಟ್ಟದ ನೆರಳು ಉದ್ದವಾಗುತ್ತಿರುವಾಗ, ಹುಡುಗರು ಚಪ್ಪಲಿಗಳನ್ನು ಕಂಬಗಳನ್ನಾಗಿ ಇಟ್ಟು ಎರಡು ಪಂಗಡ ಮಾಡಿಕೊಳ್ಳುತ್ತಾರೆ. ಯಾರು ಯಾವ ಪಂಗಡಕ್ಕೆಂದು ಆರಿಸುವಾಗ ಅವರು ನೋಡುವುದು ಕಾಲನ್ನು ಮಾತ್ರ. ಅವರಿಗೆ ಯಾರೂ ಅದನ್ನು ಕಲಿಸಿಲ್ಲ. ದೊಡ್ಡವರಾದ ಮೇಲೆಯೂ ಅವರು ಅದನ್ನು ಮರೆಯದಿದ್ದರೆ, ಏಕಚಕ್ರಪುರದ ಸೀಮೆಯಿಂದಲೂ ಒಬ್ಬ ಪಾಂಡವ ಹೊರಟಾನು.